ಬಂಗಾಳ ಕೊಲ್ಲಿಯಲ್ಲಿ ಸವಡಿ ಶಾಲೆ

ನರಗುಂದ, ಹೊರಡುವ ಮೊದಲು

ವಿಯೆಟ್ನಾಮಿಗೆ ಹೋಗಿ ಬಂದೆ ಎಂದರೆ ನಮ್ಮ ಓಣಿಯಲ್ಲಿ ಮೊದಲು ಕೇಳುವುದು, “ಅಲ್ಲಿ ಏನ್ ತಿಂದ್ರಿ?” ಆಮೇಲೆ, “ಯಾಕ ಹೋಗಿದ್ರಿ?” ಮೊದಲ ಪ್ರಶ್ನೆಗೆ ಉತ್ತರ ಉದ್ದವಾಗುತ್ತದೆ. ಎರಡನೆಯದಕ್ಕೆ ಸಣ್ಣದು: ಒಂದು ಕೋಲಿನ ನೆರಳಿಗಾಗಿ.

ನನ್ನ ನಾದಿನಿ ಶೈಲಾ ರೋಣದ ಹತ್ತಿರದ ಸವಡಿಯಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತಾಳೆ. ಶಿಕ್ಷಕರ ಯಾವುದೋ ಆನ್‌ಲೈನ್ ತರಬೇತಿಯಲ್ಲಿ ಅವಳಿಗೆ ವಿಯೆಟ್ನಾಮಿನ ಹೋಯ್ ಆನ್ ಎಂಬ ಊರಿನ ಲಾನ್ ಟೀಚರ ಪರಿಚಯವಾಯಿತು. ಭೂಪಟದಲ್ಲಿ ಸವಡಿಯ ಮೇಲೆ ಬೆರಳಿಟ್ಟು ನೇರ ಬಲಕ್ಕೆ ಎಳೆಯುತ್ತ ಹೋದರೆ ಸಮುದ್ರ ದಾಟಿ, ಬರ್ಮಾ ದಾಟಿ, ಹೆಚ್ಚುಕಡಿಮೆ ಹೋಯ್ ಆನ್ ಮೇಲೆಯೇ ಬೆರಳು ಹೋಗುತ್ತದೆ. ಇಬ್ಬರಿಗೂ ಅದು ಒಂದೇ ದಿನ ಹೊಳೆಯಿತಂತೆ. ಮಾರ್ಚ್ ಕೊನೆಯಲ್ಲಿ ಎರಡೂ ಶಾಲೆಯ ಮಕ್ಕಳು ಅಂಗಳದಲ್ಲಿ ಒಂದು ಮೀಟರಿನ ಕೋಲು ನೆಟ್ಟು, ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳು ಅಳೆಯುವುದು, ಆ ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವುದು ಎಂದು ಮಾತಾಯಿತು. ಶೈಲಾ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿ ಆ ಅಂಕಿಗಳ ಮೇಲೆ ಒಂದು ಪಾಠ ಮಾಡಬೇಕು.

“ಆ ಪಾಠದಾಗ ಒಂದು ಗುಟ್ಟು ಐತಿ ವೈನಿ,” ಎಂದಿದ್ದಳು. ಅಣ್ಣನ ಹೆಂಡತಿಯಾದ ನಾನು ಅವಳಿಗೆ ವೈನಿ. “ಏನಂತ ಈಗ ಹೇಳೂದಿಲ್ಲ. ಅಲ್ಲೇ ಹುಡುಗೂರ ಮುಂದ ಬಿಚ್ಚತೀನಿ.”

ಆ ಪಾಠ ಬರಿಯ ಶಿಷ್ಟಾಚಾರದ್ದಾಗಿರಲಿಲ್ಲ. ಮುಂದಿನ ವರ್ಷವಿಡೀ ಹದಿನೈದು ದಿನಕ್ಕೊಮ್ಮೆ ಬೇರೆ ದೇಶದ ಒಂದು ಶಾಲೆಯ ಜೊತೆ ಪರದೆಯ ಮೇಲೆ ಕೂಡಿ ಕಲಿಯಲು ಹೋಯ್ ಆನ್ ಶಾಲೆಯವರು ಒಂದು ತಾಸು ತೆಗೆದಿಟ್ಟಿದ್ದರು. ಅದನ್ನು ಕೇಳಿದ ಇನ್ನೊಂದು ಶಾಲೆಯೂ ಇತ್ತು. ಶೈಲಾಳ ಪಾಠ ನೋಡಿದ ಮೇಲೆ ಅಲ್ಲಿನ ಮುಖ್ಯೋಪಾಧ್ಯಾಯಿನಿ ತೀರ್ಮಾನ ಮಾಡುವವರು. ಇವಳೋ ಸವಡಿಯ ಮಕ್ಕಳಿಗೆ ಆಗಲೇ ಮಾತು ಕೊಟ್ಟಾಗಿತ್ತು, ಬರುವ ವರ್ಷ ನೀವು ಆ ಮಕ್ಕಳ ಜೊತೆ ಮಾತಾಡುತ್ತೀರಿ ಎಂದು.

ನನ್ನನ್ನು ಕರೆದುಕೊಂಡು ಹೋದದ್ದು ಇಂಗ್ಲಿಷಿಗೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳೆಂದು ನಮ್ಮ ಮನೆಯಲ್ಲಿ ನನಗೆ ಇವತ್ತಿಗೂ ಒಂದು ಮರ್ಯಾದೆ ಇದೆ. ಯಾವುದೇ ಅರ್ಜಿ ಬರೆಯುವುದಿದ್ದರೂ ನನ್ನ ಮುಂದೆಯೇ ಬರುತ್ತದೆ. ಶೈಲಾ ಪರೀಕ್ಷೆ, ಮೌಲ್ಯಮಾಪನ ಎಂದು ತಲೆಯೆತ್ತದಷ್ಟು ಕೆಲಸದಲ್ಲಿದ್ದಳು. ಹಾಗಾಗಿ ಮಕ್ಕಳು ಬರೆದ ಹನ್ನೆರಡು ದಿನದ ಹಾಳೆಗಳಿಂದ ಒಂದೊಂದು ದಿನದ ಅತಿ ಗಿಡ್ಡ ನೆರಳನ್ನೂ ಅದರ ವೇಳೆಯನ್ನೂ ಕಂಪ್ಯೂಟರಿಗೆ ಹಾಕುವ ಕೆಲಸವೂ ನನಗೇ ಬಂತು.

ಪೆನ್ಸಿಲಿನ ಬರಹ. ಒಂದು ಹಾಳೆಯ ಮೇಲೆ ಊಟದ ಸಾರಿನ ಕಲೆ. ಬರೆಯುತ್ತ ಬರೆಯುತ್ತ ನನಗೊಂದು ತಪ್ಪು ಕಂಡಿತು. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆ, ಆಗ ನೆರಳು ಎಲ್ಲಕ್ಕಿಂತ ಗಿಡ್ಡ ಎಂದು ಮೂರನೇ ತರಗತಿಯಿಂದ ಓದಿದ್ದೇನೆ. ಈ ಮಕ್ಕಳ ಹಾಳೆಯಲ್ಲಿ ಅತಿ ಗಿಡ್ಡ ನೆರಳು ಹನ್ನೆರಡೂವರೆಗೆ ಬಂದಿತ್ತು. ಒಂದು ದಿನವಲ್ಲ, ಹೆಚ್ಚುಕಡಿಮೆ ಎಲ್ಲ ದಿನವೂ. ಪಾಪ, ಶಾಲೆಯ ಗಡಿಯಾರ ಅರ್ಧ ತಾಸು ಮುಂದಿದ್ದೀತು ಅಂದುಕೊಂಡೆ. ಊರ ಮಕ್ಕಳು, ಪರದೇಶದಲ್ಲಿ ನಗೆಗೀಡಾಗಬಾರದು. ವೇಳೆಯ ಕಾಲಮ್ಮನ್ನು ಪೂರ್ತಿ ಮೂವತ್ತು ನಿಮಿಷ ಹಿಂದೆ ಸರಿಸಿದೆ. ಎರಡು ದಿನ ಹನ್ನೆರಡು ನಲವತ್ತಕ್ಕೆ ಬಂದಿತ್ತು. ಅವನ್ನು ನಲವತ್ತು ಸರಿಸಿ ಉಳಿದವುಗಳ ಸಾಲಿಗೆ ಕೂಡಿಸಿದೆ. ಹನ್ನೆರಡೂ ದಿನ ಸರಿಯಾಗಿ ಹನ್ನೆರಡಕ್ಕೆ ಬಂದು ನಿಂತಾಗ, ಅಡಿಗೆಮನೆಯ ಕಟ್ಟೆ ಒರೆಸಿ ಅರಿವೆ ಹಿಂಡಿಟ್ಟಷ್ಟು ಸಮಾಧಾನವಾಯಿತು. ಫೈಲನ್ನು ಲಾನ್ ಅವರಿಗೆ ಕಳಿಸಿ, ಶೈಲಾಗೆ “ಮುಗೀತು” ಎಂದು ಫೋನ್ ಮಾಡಿದೆ. ಸರಿಸಿದ ವಿಷಯ ಹೇಳಬೇಕೆಂದು ಹೊಳೆಯಲೇ ಇಲ್ಲ. ಮಕ್ಕಳ ಮೂಗು ಒರೆಸಿದ್ದನ್ನು ಯಾರಾದರೂ ಅವರ ಅಪ್ಪ ಅವ್ವನಿಗೆ ವರದಿ ಮಾಡುತ್ತಾರೆಯೇ?

ಹೋಯ್ ಆನ್, ಲಾನ್ ಅವರ ಮನೆ

ಮನೆ ಅಗಲಕ್ಕಿಂತ ಉದ್ದ, ರೈಲಿನ ಡಬ್ಬಿಯಂತೆ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಒಳಗೆ ಹಿರಿಯರ ಫೋಟೋಗಳ ಮುಂದೆ ಹಣ್ಣು, ಊದಿನಕಡ್ಡಿ. ನೋಡಿದ ಕೂಡಲೇ ನನ್ನ ಹೆಗಲು ಸಡಿಲವಾಯಿತು. ಎಲ್ಲಿಯೋ ನಮ್ಮ ಬೀಗರ ಮನೆಗೆ ಬಂದಂತಿತ್ತು.

ಲಾನ್ ಅವರಿಗೆ ನಲವತ್ತರ ಆಸುಪಾಸು. ನಕ್ಕರೆ ಕಣ್ಣು ಮುಚ್ಚಿಯೇ ಬಿಡುತ್ತವೆ. ಅವರ ತಾಯಿಗೆ ಇಂಗ್ಲಿಷಿನ ಗಂಧವಿಲ್ಲ, ನನಗೆ ಅವರ ಭಾಷೆಯ ಗಂಧವಿಲ್ಲ. ಆದರೂ ನಾವಿಬ್ಬರೂ ದಿನವಿಡೀ ಮಾತಾಡಿದೆವು. ನಾನು ನರಗುಂದದಿಂದ ಒಯ್ದಿದ್ದ ಎಳ್ಳು ಹಚ್ಚಿದ ಸಜ್ಜೆಯ ಗರಿಗರಿ ಕಟಕ ರೊಟ್ಟಿ ಸೂಟ್‌ಕೇಸಿನಲ್ಲಿ ನುಚ್ಚುನುಚ್ಚಾಗಿತ್ತು. ನಾಚಿಕೆಯಿಂದ ಮುಚ್ಚಿಡಲು ಹೋದರೆ ಆ ಅಜ್ಜಿ ಡಬ್ಬಿ ಕಸಿದುಕೊಂಡು, ಬಟ್ಟಲಿಗೆ ಸುರಿದು, ಜೊತೆಗೆ ಒಯ್ದಿದ್ದ ಶೇಂಗಾ ಚಟ್ನಿಪುಡಿ ಉದುರಿಸಿ ಚಮಚದಿಂದ ತಿಂದರು. ಆಮೇಲೆ ಒಳಗಿನಿಂದ ತಮ್ಮದೊಂದು ತಂದರು: ಅಕ್ಕಿಯದು, ಕೆಂಡದ ಮೇಲೆ ಸುಟ್ಟದ್ದು, ಮೈತುಂಬ ಎಳ್ಳು. ನಮ್ಮ ಸಂಕ್ರಾಂತಿಯ ರೊಟ್ಟಿಯ ತಂಗಿಯೇ. ಶೈಲಾ ಅದನ್ನು ಮುರಿದು, “ವೈನಿ, ಇದು ಗಜೇಂದ್ರಗಡದ ಸಂತಿಯೊಳಗ ಇಟ್ಟರ ಯಾರಿಗೂ ಗೊತ್ತಾಗೂದಿಲ್ಲ ನೋಡ್ರಿ,” ಎಂದಳು.

ಊಟದ್ದು ನನಗೆ ಭಯವಿತ್ತು. ಅಲ್ಲಿ ಒಗ್ಗರಣೆಯ ಬದಲು ಮೀನಿನ ರಸ. ಆದರೆ ಹುಣ್ಣಿಮೆಗೂ ಅಮಾವಾಸ್ಯೆಯ ಮರುದಿನಕ್ಕೂ ಅಲ್ಲಿ ಎಷ್ಟೋ ಮನೆಗಳಲ್ಲಿ ಶಾಕಾಹಾರವೇ. ಅದಕ್ಕೊಂದು ಹೆಸರೂ ಇದೆ, ‘ಚಾಯ್’. ನಾವಿದ್ದಷ್ಟು ದಿನವೂ ಅಜ್ಜಿ ಮನೆಯಲ್ಲಿ ಹುಣ್ಣಿಮೆ ಮಾಡಿದರು. ಸೊಪ್ಪು ಮಾತ್ರ ಹಸಿಯದೇ, ಬುಟ್ಟಿಗಟ್ಟಲೆ. ಮೊದಲ ದಿನ ನಾನು ಅದನ್ನು ಸೋಸಿ ಕೊಡಬೇಕೆಂದು ತಿಳಿದು ಕಡ್ಡಿ, ಎಲೆ ಬೇರೆ ಮಾಡುತ್ತ ಕುಳಿತೆ. ಎಲ್ಲರೂ ನಾನು ಯಾವಾಗ ತಿನ್ನಲು ಶುರು ಮಾಡುತ್ತೇನೆಂದು ಕಾಯುತ್ತಿದ್ದರು.

ಅವರ ದಿನವೇ ನಮ್ಮದಕ್ಕಿಂತ ಮುಂದೆ ಓಡುತ್ತದೆ. ಐದೂವರೆಗೆಲ್ಲ ಓಣಿಯಲ್ಲಿ ಪೂರ್ತಿ ಬೆಳಕು. ಹನ್ನೊಂದೂವರೆಗೆ ಊಟ. ಆಮೇಲೆ ಊರಿಗೆ ಊರೇ ಮಲಗುತ್ತದೆ. ಅಂಗಡಿಯವರು ಅಂಗಡಿಯಲ್ಲೇ ಮಡಚುವ ಮಂಚ ಹಾಕುತ್ತಾರೆ. ನಮ್ಮಲ್ಲಿ ಹಗಲು ಮಲಗಿದ ಸೊಸೆಗೆ ನಾಲ್ಕು ಮಾತು ಕಟ್ಟಿಟ್ಟದ್ದು. ಕೈ ಸುಮ್ಮನಿರದೆ ನಾನು ಎದ್ದು ಪಾತ್ರೆ ತೊಳೆಯಲು ಹೋಗಿ, ಒಂದು ಮುಚ್ಚಳ ಬೀಳಿಸಿ, ಮೂರು ಮನೆಯ ನಿದ್ದೆ ಕೆಡಿಸಿದೆ. ಅಜ್ಜಿ ಬಂದು ಬೈಯಲಿಲ್ಲ. ನನ್ನ ಕೈಯಿಂದ ಪಾತ್ರೆ ತೆಗೆದಿಟ್ಟು, ಚಾಪೆ ತೋರಿಸಿ, ಪಕ್ಕದಲ್ಲಿ ತಾವೇ ಮಲಗಿ ಕಾವಲು ಕಾಯ್ದರು.

ಶಾಲೆ, ಮೊದಲ ದಿನ

ಅಲ್ಲಿ ಶಾಲೆಗೆ ಗಂಟೆಯಿಲ್ಲ, ನಗಾರಿ. ಒಬ್ಬ ಹುಡುಗಿ ತನ್ನ ಎತ್ತರದ ನಗಾರಿಯ ಮುಂದೆ ನಿಂತು ಬಾರಿಸುತ್ತಾಳೆ. ಬಿಳಿ ಅಂಗಿ, ಕೊರಳಿಗೆ ಕೆಂಪು ವಸ್ತ್ರ. ನಾವು ಒಳಗೆ ಹೋದಾಗ ಮಕ್ಕಳೆಲ್ಲ ಎದ್ದು ನಿಂತು ನಮಸ್ಕರಿಸಿದರು. ನನ್ನ ಸೀರೆಯ ಸೆರಗು ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಮುಂದಿನ ಬೆಂಚಿನವರು ಕಣ್ಣಲ್ಲೇ ಹುಡುಕುತ್ತಿದ್ದರು.

ನನ್ನ ಮನಸ್ಸಿಗೆ ಹಿಡಿಸಿದ್ದು ಬೇರೆ. ಒಂದೇ ಕೋಣೆಯಲ್ಲಿ ಇಬ್ಬರು ಶಿಕ್ಷಕರು. ಲಾನ್ ವಿಜ್ಞಾನದವರು, ಮಿನ್ ಎಂಬ ತೆಳ್ಳಗಿನ ಮೇಷ್ಟ್ರು ಕಂಪ್ಯೂಟರಿನವರು. ವಾರಕ್ಕೆರಡು ದಿನ ಇಬ್ಬರ ತಾಸುಗಳನ್ನೂ ಕೂಡಿಸಿ ಒಂದೇ ಪಾಠ ಮಾಡುತ್ತಾರೆ. ಅಂಗಳದಲ್ಲಿ ಅಳೆದದ್ದನ್ನೇ ಕಂಪ್ಯೂಟರಿಗೆ ಹಾಕಬೇಕು, ಕಂಪ್ಯೂಟರಿನಲ್ಲಿ ಕಂಡದ್ದು ಸರಿಯೇ ಎಂದು ಮತ್ತೆ ಅಂಗಳಕ್ಕೆ ಹೋಗಿ ನೋಡಬೇಕು. ನಾನು ಕಂಪ್ಯೂಟರ್ ಕಲಿತದ್ದು ಮದುವೆಗೆ ಮೊದಲು ಒಂದು ಕೋರ್ಸಿನಲ್ಲಿ. ಆರು ತಿಂಗಳು ಯಾವುದೋ ಇಲ್ಲದ ಕಂಪನಿಯ ಸಂಬಳದ ಪಟ್ಟಿ ಮಾಡಿದ್ದೆವು. ಇಲ್ಲಿ ಪರದೆಯ ಮೇಲಿನ ಪ್ರತಿ ಅಂಕಿಯ ಹಿಂದೆ ಬಿಸಿಲಲ್ಲಿ ನಿಂತ ಒಂದು ಮಗು ಇತ್ತು.

ಮಕ್ಕಳು ನಮಗಾಗಿ ಮತ್ತೊಮ್ಮೆ ನೆರಳು ಅಳೆದು ತೋರಿಸಿದರು. ಒಬ್ಬನು ದಾರಕ್ಕೆ ನಟ್ಟು ಕಟ್ಟಿ ಕೋಲು ನೆಟ್ಟಗಿದೆಯೇ ನೋಡುತ್ತಾನೆ, ಒಬ್ಬಳು ಟೇಪು ಹಿಡಿಯುತ್ತಾಳೆ, ಒಬ್ಬಳು ಓದುತ್ತಾಳೆ, ಒಬ್ಬನು ಬರೆಯುತ್ತಾನೆ. ಬರೆಯುವುದು ಪೆನ್ನಿನಲ್ಲೇ. ತಪ್ಪಾದರೆ ಒಂದೇ ಗೀಟು ಹೊಡೆದು ಪಕ್ಕದಲ್ಲಿ ಬರೆಯಬೇಕು. ಗೀಟಿನ ಕೆಳಗಿನ ಅಂಕಿ ಓದಲು ಬರುವಂತಿರಬೇಕು.

“ರಬ್ಬರ್ ಯಾಕಿಲ್ಲ?” ಎಂದು ನಾನು ಲಾನ್ ಅವರನ್ನು ಕೇಳಿದೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಗೀಟು ಹೊಡೆದ ಪುಟವನ್ನು ಹರಿದು ಮತ್ತೆ ಬರೆಸುತ್ತಿದ್ದರು.

“ಗೀಟು ಹೊಡೆದದ್ದೇ ಸರಿಯಿತ್ತು ಎಂದು ಆಮೇಲೆ ಗೊತ್ತಾಗುವುದುಂಟು,” ಎಂದರು ಅವರು ನಗುತ್ತ.

ಆ ದಿನ ಅತಿ ಗಿಡ್ಡ ನೆರಳು ಬಂದದ್ದು ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ. ನಾನು ನನ್ನ ಕೈಗಡಿಯಾರ ನೋಡಿದೆ, ಫೋನು ನೋಡಿದೆ. ಹನ್ನೆರಡಕ್ಕೆ ನೆರಳು ಆಗಲೇ ಒಂದಿಷ್ಟು ಬೆಳೆದಿತ್ತು. ಇವರ ಗಡಿಯಾರವೂ ಕೆಟ್ಟಿರಲು ಸಾಧ್ಯವಿಲ್ಲ. ಹಾಗಾದರೆ ಸವಡಿಯ ಗಡಿಯಾರವೂ ಕೆಟ್ಟಿರಲಿಲ್ಲವೇನೋ ಎಂದು ಮೊದಲ ಸಲ ಅನುಮಾನ ಬಂತು.

ಸಂಜೆ ಶೈಲಾ ಹಾಸಿಗೆಯ ಮೇಲೆ ಕುಳಿತು ಪಾಠ ಗುನುಗುತ್ತಿದ್ದಳು. “ವೈನಿ, ನೀವು ಜೋಡಿ ಅದೀರಿ ಅಂತ ನನಗ ಧೈರ್ಯ ನೋಡ್ರಿ,” ಎಂದಳು. ಹೇಳಬೇಕಿತ್ತು. ನಾನು ಅವಳ ನಾಳಿನ ಸೀರೆಗೆ ಇಸ್ತ್ರಿ ಮಾಡಿದೆ.

ಶಾಲೆ, ಎರಡನೆಯ ದಿನ

ಮುಖ್ಯೋಪಾಧ್ಯಾಯಿನಿ ಕೊನೆಯ ಬೆಂಚಿನಲ್ಲಿ ಒಂದು ನೋಟುಬುಕ್ಕು ಹಿಡಿದು ಕುಳಿತರು. ಶೈಲಾ ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿಗೆ ತರುವುದು, ಲಾನ್ ಅವರ ಭಾಷೆಗೆ ಒಯ್ಯುವುದು. ಮೊದಲ ಹತ್ತು ನಿಮಿಷ ಹಬ್ಬದಂತಿತ್ತು. ಎರಡೂ ಊರಿನ ಗಿಡ್ಡ ನೆರಳನ್ನು ಹೋಲಿಸಿದರು. ಒಂದೊಂದು ದಿನವೂ ಅರ್ಧ ಸೆಂಟಿಮೀಟರಿನ ಒಳಗೇ ಹೊಂದಿಕೆ. ಇಷ್ಟು ದೂರದ ಎರಡು ಅಂಗಳದಲ್ಲಿ ಒಂದೇ ಅಳತೆಯ ನೆರಳು ಎಂದು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

“ಈಗ ವ್ಯಾಳ್ಯಾ ಹಾಕ್ರಿ,” ಎಂದಳು ಶೈಲಾ. ಅವಳ ಗುಟ್ಟು ಅಲ್ಲಿತ್ತು.

ಮಿನ್ ಮೇಷ್ಟ್ರು ಮಕ್ಕಳಿಂದಲೇ ಒಂದು ಪುಟ್ಟ ಪ್ರೋಗ್ರಾಮು ಬರೆಸಿದ್ದರು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಎರಡು ಊರಿಗೆ ನಡುಮಧ್ಯಾಹ್ನ ಬಂದ ವೇಳೆಗಳನ್ನು ಕೊಟ್ಟರೆ, ಎಲ್ಲ ದಿನಗಳ ಸರಾಸರಿ ತೆಗೆದು, ಎರಡು ದೇಶಗಳ ಗಡಿಯಾರದ ನಡುವಿನ ಒಂದೂವರೆ ತಾಸನ್ನೂ ಸೇರಿಸಿ, ಎರಡನೆಯ ಊರು ಎಷ್ಟು ದೂರ ಪಶ್ಚಿಮಕ್ಕಿದೆ ಎಂದು ಲೆಕ್ಕ ಹಾಕಿ ಭೂಪಟದ ಮೇಲೆ ಕೆಂಪು ಚುಕ್ಕೆ ಇಡುತ್ತದೆ. ಸವಡಿ ಎಲ್ಲಿದೆಯೆಂದು ಆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ನೆರಳಿನಿಂದಲೇ ಕಂಡುಹಿಡಿಯಬೇಕು.

ಒಬ್ಬ ಹುಡುಗಿ ಗುಂಡಿ ಒತ್ತಿದಳು. ಚುಕ್ಕೆ ಬಿತ್ತು. ಬಂಗಾಳ ಕೊಲ್ಲಿಯ ನಡುವೆ, ನೀಲಿ ನೀರಿನಲ್ಲಿ.

ಹಿಂದಿನ ಸಾಲಿನಿಂದ ಕಿಸಿಕಿಸಿ. ಗುಂಡಿ ಒತ್ತಿದ ಹುಡುಗಿ ಎದ್ದು ನಿಂತು ಬಹಳ ಮರ್ಯಾದೆಯಿಂದ ಏನೋ ಕೇಳಿದಳು. ಲಾನ್ ಅದನ್ನು ಇಂಗ್ಲಿಷಿನಲ್ಲಿ ನನಗೆ ಹೇಳಿದರು. ನಾನು ಅದನ್ನು ಶೈಲಾಗೆ ಹೇಳಬೇಕಿತ್ತು.

“ಏನ್ ಕೇಳ್ತಾಳ ವೈನಿ?”

“ನಿಮ್ಮ ಸಾಲಿ ಹಡಗದಾಗ ಐತೇನು ಅಂತ ಕೇಳ್ತಾಳ.”

ಶೈಲಾ ಪರದೆಯ ಹತ್ತಿರ ಹೋಗಿ ಸವಡಿಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದಳು. ಹನ್ನೆರಡು, ಹನ್ನೆರಡು, ಹನ್ನೆರಡು. ಅವಳ ಕಿವಿ ಕೆಂಪಾದವು. “ಇದು ನಮ್ಮ ಹುಡುಗೂರ ಲೆಕ್ಕ ಅಲ್ಲ. ನಾನಽ ಅಂಗಳದಾಗ ನಿಂತು ನೋಡೀನಿ. ಹನ್ನೆರಡೂವರಿ ಇತ್ತು.”

ಮಕ್ಕಳು ನಮ್ಮಿಬ್ಬರ ಮುಖ ನೋಡುತ್ತಿದ್ದರು. ಕೊನೆಯ ಬೆಂಚಿನಲ್ಲಿ ನೋಟುಬುಕ್ಕು ಮುಚ್ಚಿದ ಸಪ್ಪಳವಾಯಿತು. ಹಾಗೆಯೇ ಬಿಟ್ಟಿದ್ದರೆ ಸವಡಿಯ ಮಕ್ಕಳಿಗೆ ಗಡಿಯಾರ ನೋಡಲು ಬರುವುದಿಲ್ಲ ಎಂದೇ ಆಗುತ್ತಿತ್ತು.

“ಶೈಲಾ, ನಾ ಸರಿಸೀನಿ,” ಎಂದೆ. “ಹುಡುಗೂರು ತಪ್ಪು ಬರದಾವ ಅಂತ ತಿಳದು, ನಾನಽ ತಿದ್ದೀನಿ.”

ಅವಳು ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. “ಎಷ್ಟ್ ಸರಿಸೀರಿ?” ಎಂದಳು.

“ಅರ್ಧಾ ತಾಸು.”

“ಎಲ್ಲಾ ದಿನಾನೂ?”

“ಎರಡು ದಿನ ನಲವತ್ತು ಮಿನಿಟು. ಯಾವ ಎರಡು ದಿನ ಅಂತ ನೆನಪಿಲ್ಲ.”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಈಗ ನನಗ ಹೇಳಿದ್ದನ್ನ ಅವರಿಗೂ ಹೇಳ್ರಿ. ಪೂರಾ ಹೇಳ್ರಿ. ನಡುವ ಏನೂ ಬಿಡಬ್ಯಾಡ್ರಿ.”

ಕಾನ್ವೆಂಟಿನ ಇಂಗ್ಲಿಷಿನಲ್ಲಿ ನನ್ನ ತಪ್ಪನ್ನು ನಾನೇ ಅನುವಾದ ಮಾಡಿದೆ. ಲಾನ್ ಅದನ್ನು ಮೆತ್ತಗೆ ದಾಟಿಸಿದರು. ನಾನು ನಗೆಗೆ ಸಿದ್ಧಳಾಗಿದ್ದೆ. ಆದರೆ ಆ ಮಕ್ಕಳಿಗೆ ಅದು ನಗುವ ವಿಷಯವಾಗಿ ಕಾಣಲಿಲ್ಲ, ಬಿಡಿಸಬೇಕಾದ ಲೆಕ್ಕವಾಗಿ ಕಂಡಿತು. ಹಡಗಿನ ಹುಡುಗಿಯೇ ಮತ್ತೆ ಎದ್ದಳು: “ನಮ್ಮ ನೆರಳೂ ಹನ್ನೆರಡಕ್ಕೆ ಬರಲಿಲ್ಲ. ನಮ್ಮದನ್ನು ಯಾಕೆ ತಿದ್ದಲಿಲ್ಲ?”

“ನಿಮ್ಮ ಹಾಳೆ ನನ್ನ ಕೈಗೆ ಸಿಗಲಿಲ್ಲ,” ಎಂದೆ. ಈಗ ನಕ್ಕರು, ಶೈಲಾ ಕೂಡ.

ಏನು ಮಾಡೋಣ ಎಂದು ಶೈಲಾ ಅವರನ್ನೇ ಕೇಳಿದಳು. ಎಲ್ಲವನ್ನೂ ಬಿಟ್ಟುಬಿಡೋಣ ಎಂದನೊಬ್ಬ. ಬೇಡ, ಮೂವತ್ತು ಕೂಡಿಸೋಣ, ಆದರೆ ಪಕ್ಕದ ಕಾಲಮ್ಮಿನಲ್ಲಿ, ಹಳೆಯದು ಕಾಣುವಂತೆ ಎಂದರು ಉಳಿದವರು. ಎರಡು ದಿನದ್ದು ಹೇಗೂ ತಪ್ಪಿರುತ್ತದೆ, ಚುಕ್ಕೆ ಸ್ವಲ್ಪ ಬಲಕ್ಕೆ ಬಿದ್ದೀತು ಎಂದು ಒಬ್ಬಳು ಒತ್ತುವ ಮೊದಲೇ ಹೇಳಿಟ್ಟಳು. ಹನ್ನೆರಡು ವರ್ಷದ ಮಗು, ತನ್ನ ಉತ್ತರದಲ್ಲಿ ಎಷ್ಟು ತಪ್ಪಿದೆಯೆಂದು ಉತ್ತರ ಬರುವ ಮೊದಲೇ ಹೇಳುತ್ತದೆ. ಆ ಮೇಷ್ಟ್ರಿಗೂ ಟೀಚರಿಗೂ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಚುಕ್ಕೆ ಈ ಸಲ ನೀರಿನಿಂದ ಎದ್ದು, ಆಂಧ್ರವನ್ನು ದಾಟಿ, ಗಜೇಂದ್ರಗಡ ಇನ್ನೇನು ಬಂತು ಎನ್ನುವಲ್ಲಿ ನಿಂತಿತು. ಶೈಲಾ ಭೂಪಟವನ್ನು ದೊಡ್ಡದು ಮಾಡಿ, ಪಕ್ಕದಲ್ಲೇ ರೋಣ, ಅದರ ಮಗ್ಗುಲಿಗೆ ಸವಡಿಯನ್ನು ಬೆರಳಿಟ್ಟು ತೋರಿಸಿದಾಗ ಕೋಣೆಯಲ್ಲಿ ಚಪ್ಪಾಳೆ. ಆಗ ಗುಟ್ಟು ಬಿಚ್ಚಿದಳು. ಇಡೀ ಭಾರತಕ್ಕೆ ಒಂದೇ ಗಡಿಯಾರ, ಅದು ಪೂರ್ವದ ಕಡೆಯ ಸೂರ್ಯನಿಗೆ ಹೊಂದಿಸಿದ್ದು. ಆ ಸೂರ್ಯ ಸವಡಿಯ ನೆತ್ತಿಗೆ ಬರುವಷ್ಟರಲ್ಲಿ ಅರ್ಧ ತಾಸು ಕಳೆದಿರುತ್ತದೆ. ಹೋಯ್ ಆನ್ ತನ್ನ ದೇಶದ ಗಡಿಯಾರ ಹೊಂದಿಸಿದ ಜಾಗಕ್ಕಿಂತ ಪೂರ್ವಕ್ಕಿದೆ, ಅಲ್ಲಿಗೆ ಹತ್ತು ನಿಮಿಷ ಮೊದಲೇ ಬಂದಿರುತ್ತಾನೆ. ಅಲ್ಲಿ ಐದೂವರೆಗೇ ಏಕೆ ಬೆಳಗಾಗುತ್ತದೆ ಎಂದು ನನಗೂ ಆಗ ತಿಳಿಯಿತು.

ಮುಖ್ಯೋಪಾಧ್ಯಾಯಿನಿ ಪಾಠ ಮುಗಿದ ಮೇಲೆ ನೇರ ನನ್ನ ಹತ್ತಿರ ಬಂದರು. ಮುಂದಿನ ವರ್ಷದ ತಾಸು ಸವಡಿಗೆ ಕೊಡುತ್ತೇನೆ, ಆದರೆ ಒಂದು ಷರತ್ತು ಎಂದರು: ಮಕ್ಕಳ ಮೂಲ ಹಾಳೆಗಳಿಂದ ಅಂಕಿಗಳನ್ನು ಮತ್ತೆ ಹಾಕಿ ಕಳಿಸಬೇಕು. ಹಾಕುವವರು ಮಕ್ಕಳೇ ಆಗಿರಬೇಕು.

ಸಂಜೆ ರಸ್ತೆಬದಿಯ ಅಂಗಡಿಯಲ್ಲಿ ಮೊಳಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತೆವು. “ಹುಡುಗೂರು ಉರಿಬಿಸಿಲಾಗ ನಿಂತು ಅಳದಾವ ವೈನಿ,” ಎಂದಳು ಶೈಲಾ. “ನಿಮ್ಮ ಅಡಗಿಮನಿ ಚೊಕ್ಕಟತನ ಅವರ ಹಾಳಿಗೆ ಹಚ್ಚಬ್ಯಾಡ್ರಿ.”

“ಇಲ್ಲವ್ವಾ,” ಎಂದೆ. ಏಳಲು ಹೋದರೆ ಸೀರೆ ಸ್ಟೂಲಿಗೆ ಸಿಕ್ಕಿ ಎರಡೂ ಒಟ್ಟಿಗೆ ಎದ್ದವು. ಅವಳೇ ಬಿಡಿಸಿದಳು.

ಸವಡಿ

ಜೂನಿನಲ್ಲಿ ಶಾಲೆ ಶುರುವಾದ ವಾರ ನಾನೇ ಸವಡಿಗೆ ಹೋದೆ. ಶೈಲಾ ಬೀರುವಿನಿಂದ ಹಾಳೆಗಳನ್ನು ತೆಗೆದು ನನ್ನ ಕೈಗೆ ಕೊಟ್ಟು, “ಹೇಳ್ರಿ,” ಎಂದು ಪಕ್ಕಕ್ಕೆ ಸರಿದಳು. ಹೋಯ್ ಆನ್‌ನಲ್ಲಿ ಹೇಳಿದ್ದು ಸುಲಭವಿತ್ತು. ಇಲ್ಲಿ ನಲವತ್ತು ಮಕ್ಕಳು ನನ್ನ ಭಾಷೆಯಲ್ಲೇ ಕೇಳುತ್ತಿದ್ದರು.

ಭಾಗ್ಯಾ ಎಂಬ ಹುಡುಗಿ, ಈಗ ಎಂಟನೇ ತರಗತಿ, ಕೈಯೆತ್ತಿದಳು. “ನಾವು ಮೊಬೈಲ್ ನೋಡೇ ಬರದಿದ್ವಿ ಆಂಟಿ. ಒಂದ್ ಮಾತು ಕೇಳೂದಿತ್ತಿಲ್ರಿ?”

“ಕೇಳಬೇಕಾಗಿತ್ತವ್ವಾ. ತಪ್ಪಾತು.”

“ಹೋಗ್ಲಿ ಬಿಡ್ರಿ,” ಎಂದಳು ಅವಳು, ನಮ್ಮ ಅತ್ತೆಯವರ ಧಾಟಿಯಲ್ಲಿ. “ಹಂಗಾದ್ರ ಈ ಸಲ ನೀವು ಓದ್ರಿ, ನಾವು ಒತ್ತತೀವಿ.”

ನನ್ನನ್ನು ಕಂಪ್ಯೂಟರಿನಿಂದ ಎರಡು ಮಾರು ದೂರ ಬೆಂಚಿನ ಮೇಲೆ ಕೂರಿಸಿದರು. ನಾನು ಓದುತ್ತ ಹೋದೆ, ಭಾಗ್ಯಾ ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದಳು. ಐದನೆಯ ದಿನ ಅತಿ ಗಿಡ್ಡ ನೆರಳಿನ ಮುಂದೆ ಹನ್ನೆರಡು ನಲವತ್ತು ಎಂದಿತ್ತು. ಇದೇ ಅದರಲ್ಲೊಂದು. ಒಂಬತ್ತನೆಯ ದಿನ ಇನ್ನೊಂದು ಇರಬೇಕು. ಅದರ ಮೇಲೆಯೇ ಆ ಸಾರಿನ ಕಲೆ. ಕಲೆಯ ಕೆಳಗೆ ನಾಲ್ಕೋ ಮೂರೋ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಮೂರು ಎಂದರೆ ಎಲ್ಲದರ ಜೊತೆ ಚೆನ್ನಾಗಿ ಹೊಂದುತ್ತಿತ್ತು.

“ಯಾಕ ನಿಂತ್ರಿ ಆಂಟಿ?”

“ಸ್ವಲ್ಪ ಕಲಿ ಆಗೇತಿ. ನಾಕು ಇದ್ದಂಗ ಐತಿ.”

“ಇದ್ದಂಗ ಐತೋ, ಐತೋ?”

ಎದ್ದು ಕಿಟಕಿಯ ಬೆಳಕಿಗೆ ಹಾಳೆ ಹಿಡಿದೆ. “ಐತಿ. ನಾಕಽ ಐತಿ.”

ಅವಳು ನಾಲ್ಕು ಒತ್ತಿದಳು. ಹನ್ನೆರಡು ದಿನವೂ ಮುಗಿದ ಮೇಲೆ ಶೈಲಾ, ಮಿನ್ ಮೇಷ್ಟ್ರು ಕಳಿಸಿದ್ದ ಪ್ರೋಗ್ರಾಮು ತೆರೆದಳು. ಮಕ್ಕಳು ಒಬ್ಬರ ಹೆಗಲ ಮೇಲೆ ಒಬ್ಬರು ಬಾಗಿದರು. ಕೆಂಪು ಚುಕ್ಕೆ ಗಜೇಂದ್ರಗಡವನ್ನು ದಾಟಿ ಈಚೆ ಬಂದು ರೋಣದ ಮಗ್ಗುಲಲ್ಲಿ ನಿಂತಿತು. ನಾನು ಕೆಟ್ಟವೆಂದು ತಿದ್ದಿದ ಆ ಎರಡು ದಿನಗಳೇ ಅದನ್ನು ಎಳೆದು ತಂದಿದ್ದವು.

ಭಾಗ್ಯಾ ಪರದೆಗೆ ಮೂಗು ತಾಗಿಸಿ ನೋಡಿದಳು. “ನಮ್ಮ ಸಾಲಿ ಮ್ಯಾಲೆ ಇನ್ನೂ ಬಂದಿಲ್ಲಲ್ರಿ ಅಕ್ಕಾರ.”

“ಇಲ್ಲ,” ಎಂದಳು ಶೈಲಾ. “ಏನ್ ಮಾಡೂಣು?”

ಯಾರೂ ಚುಕ್ಕೆಯನ್ನು ಮುಟ್ಟಲಿಲ್ಲ. ಒಬ್ಬಳು ಟೇಪು ತೆಗೆದುಕೊಂಡಳು, ಇಬ್ಬರು ಕೋಲು ಹೊತ್ತರು. ನನ್ನ ಕೈಗೆ ಒಂದು ಪೆನ್ನು ಕೊಟ್ಟು, ಬರ್ರಿ ಆಂಟಿ ಎಂದು ಅಂಗಳಕ್ಕೆ ನಡೆದರು.